ಅಪರಿಚಿತ ಭಾಗ

ಇಲ್ಲಿ ರಾತ್ರಿ ಹತ್ತೂವರೆ; ಅಲ್ಲಿ ಬೆಳಗಂತೆ.
ಗುತ್ತಲು ರಸ್ತೆಯಲ್ಲಿ ಅರ್ಧ ಶಟರ್ ಇಳಿಸಿ
ರಿಪೇರಿಗೆ ಬಂದ, ಮೂಲೆ ಒಡೆದ ಟ್ಯಾಬಿನಲ್ಲೇ
ನಾಲ್ವರು ಕೂತು ಕಂಪನಿಯ ಹಬ್ಬ ನೋಡಿದೆವು:
ನಾನು, ಟೀ ಅಂಗಡಿಯ ಪುಟ್ಟಮಾದ,
ಕಂಬ ಇಳಿದು ಬಂದ ಲೈನ್‌ಮನ್ ಶಂಭೂಗೌಡ,
ತನ್ನ ಫೋನಿನ ಗೋಂದು ಒಣಗಲಿ ಎಂದು ಕಾದಿದ್ದ
ಬೆಲ್ಲದ ಮಂಡಿಯ ಚಿಕ್ಕತಾಯಮ್ಮ.

ಧೂಳೇ ಕಾಣದ ಬಿಳಿ ಬೂಟಿನವನೊಬ್ಬ
ಕೆರೆಯಷ್ಟಗಲದ ವೇದಿಕೆಯಲ್ಲಿ ಅಡ್ಡಾಡುತ್ತ ಹೇಳಿದ:
ಈ ವರ್ಷದ್ದು ಹೋದ ವರ್ಷದ್ದಕ್ಕಿಂತ ತೆಳು.
ಎಷ್ಟು? ಒಂದು ಎಳ್ಳು.
ಆ ಎಳ್ಳಿಗೆ ಸಾವಿರ ಜನ ಎದ್ದು ನಿಂತು ಚಪ್ಪಾಳೆ.
"ತೆಳ್ಳಗಾದ್ರೆ ಬೆಲೆ ಇಳೀಬೇಕಲ್ವಾ?
ನಮ್ಮಲ್ಲಿ ಅಚ್ಚು ತೆಳ್ಳಗಾದ್ರೆ ಹಿಡ್ಕಂಡ್ ಉಗೀತಾರೆ."

ಆಮೇಲೆ ಗಡಿಯಾರ.
ಎದೆಬಡಿತ ಎಣಿಸುತ್ತದೆ, ನಿದ್ದೆಗೆ ಅಂಕ ಕೊಡುತ್ತದೆ,
ಎದ್ದು ನಿಲ್ಲು ಎಂದು ಮಣಿಕಟ್ಟು ತಟ್ಟುತ್ತದೆ.
"ಕೂತ್ಕೊ ಅನ್ನೋದಿದ್ರೆ ಹೇಳಿ" ಎಂದ ಶಂಭೂಗೌಡ.
ಸಕ್ಕರೆ ಕಾರ್ಖಾನೆಯ ಕೂಗು
ಊರಿಗೆಲ್ಲ ಒಂದೇ ಹೊತ್ತನ್ನು ಪುಕ್ಕಟೆ ಹಂಚುತ್ತಿದ್ದ ಕಾಲದಲ್ಲಿ
ನಮ್ಮಪ್ಪ, ರೇಡಿಯೊ ಹುಸೇನ್,
ಅದು ಕೂಗಿದ್ದೇ ಬೆಸುಗೆ ಕಡ್ಡಿ ಕೆಳಗಿಟ್ಟು ಉಣ್ಣಲು ಏಳುತ್ತಿದ್ದ.
ಅವನ ನಿದ್ದೆಗೆ ಯಾರೂ ಅಂಕ ಕೊಟ್ಟವರಿಲ್ಲ.
ಗೊರಕೆಯೇನೋ ಬೀದಿಗೆ ಕೇಳುತ್ತಿತ್ತು.

"ಇನ್ನು ಮೇಲೆ ನಾವು ಕತೆ ಹೇಳುವವರೂ ಹೌದು"
ಅಂದಳು ತಿಳಿನೀಲಿ ಅಂಗಿಯವಳು.
ಕಂಪನಿಯದೇ ಸಿನಿಮಾ, ಕಂಪನಿಯದೇ ಹಾಡು,
ಮೊದಲ ತಿಂಗಳು ಉಚಿತ,
ಇಪ್ಪತ್ತೆಂಟು ಭಾಷೆಗಳಲ್ಲಿ ಅಡಿಬರಹ.
ಪಟ್ಟಿ ಸರಸರ ಮೇಲೇರಿತು. ಪುಟ್ಟಮಾದ ನಿಲ್ಲಿಸಿ,
ಹಿಂದೆ ಸರಿಸಿ, ಬೆರಳಿಟ್ಟು ಹುಡುಕಿದ.
"ನಮ್ಮದು ಒಡೆದ ಮೂಲೆ ಕೆಳಗೆ ಸಿಕ್ಕಂಡಿರ್ಬೇಕು."
ನಾನು ಏನೂ ಹೇಳಲಿಲ್ಲ.

ಬಿಚ್ಚುವವನು ನೋಡುವ ಸಿನಿಮಾ ಬೇರೆ:
ಸ್ಪೀಕರ್ ಜಾಲರಿಯಲ್ಲಿ ರಾಗಿಹಿಟ್ಟು,
ಕವರಿನ ಹಿಂದೆ ಗಂಡನಿಗೆ ಕಾಣದಂತೆ ಮಡಿಚಿಟ್ಟ ಐನೂರು,
ಚಾರ್ಜಿನ ತೂತಿನಲ್ಲಿ ಗಟ್ಟಿಯಾದ ಪಾಕ.
ಅಡಿಬರಹ ಬೇಕಿಲ್ಲ. ಬ್ರಷ್ಷು, ಒಂಚೂರು ಸ್ಪಿರಿಟ್ಟು.

ಕ್ಯಾಮೆರಾಕ್ಕೆ ಈಗ ಬುದ್ಧಿ ಬಂದಿದೆಯಂತೆ.
"ಬಂದಿರೋದೇ ತೊಂದ್ರೆ" ಎಂದಳು ಚಿಕ್ಕತಾಯಮ್ಮ.
ಅವಳು ಕಳಿಸಿದ ಕರಿ ಬೆಲ್ಲ
ಅಹಮದಾಬಾದಿನ ಸೇಟಿನ ಕಣ್ಣಿಗೆ ಹೊನ್ನು,
ಲಾರಿ ಇಳಿಸಿದಾಗ ಮತ್ತೆ ಕಪ್ಪು.
"ನನ್ನೇ ಸುಳ್ಳಿ ಅಂದ್ಬುಟ್ಟ ಕಣ್ಲಾ ಅನ್ಸರು.
ಸುಳ್ಳು ಹೇಳಿದ್ದು ಇದು."
ಅಂದಿನಿಂದ ಅಚ್ಚಿನ ಪಕ್ಕ ತನ್ನ ಕೈಯಿಟ್ಟೇ
ಫೋಟೊ ತೆಗೆಯುತ್ತಾಳೆ.
ಕೈ ಎಷ್ಟು ಬೆಳ್ಳಗೆ ಕಾಣುತ್ತದೋ
ಬೆಲ್ಲವನ್ನು ಅಷ್ಟು ಕಪ್ಪು ಅಂದುಕೊ
ಎಂದು ಸೇಟಿಗೆ ಹೇಳಿಟ್ಟಿದ್ದಾಳೆ.

ಹಬ್ಬ ಮುಗಿಯಿತು. ಹೊಸ ಸಾಫ್ಟ್‌ವೇರು ಈ ಕ್ಷಣದಿಂದ, ಎಲ್ಲರಿಗೂ.
ಮೂರು ಕೈ ದಾಟಿ ಬಂದ ಅವಳ ಫೋನು,
ಸಂಜೆಯಷ್ಟೇ ನಾನು ಗಾಜು ಕೂರಿಸಿದ್ದು,
ತಾನಾಗಿ ಕಣ್ಣು ಮುಚ್ಚಿತು, ತೆರೆಯಿತು, ಏನೋ ಬರೆಯಿತು.
"ಏನಂತ್ಲಾ?"
ಓದಿ ಹೇಳಬೇಕಾದವನು ನಾನೇ.
"ಒಳಗಿರೋ ಒಂದು ಭಾಗ ಅಪರಿಚಿತವಂತೆ."
"ಹಂಗಂದ್ರೆ?"
"ಗುರುತಿಲ್ಲ ಅಂತ. ಯಾರು ಹಾಕಿದ್ರೋ, ಎಲ್ಲಿಂದ ತಂದ್ರೋ ಅಂತ."

ಹೋರಿಯ ಹಲ್ಲು ನೋಡುವವಳಂತೆ
ಫೋನನ್ನು ಬೆಳಕಿಗೆ ಹಿಡಿದಳು.
"ಗುರುತಿಲ್ವಾ? ಹುಸೇನಣ್ಣನ್ ಎರಡ್ನೇ ಮಗ ಕಣವ್ವ.
ಇವನ್ನ ಹೊಟ್ಟೇಲಿ ಇಟ್ಕಂಡು ಇವ್ರವ್ವ
ನಮ್ಮ ಆಲೆಮನೇಲಿ ಬಿಸಿಬೆಲ್ಲ ನೆಕ್ಕೋಗವ್ಳೆ."
ನನ್ನ ಕಡೆ ತಿರುಗಿ: "ಅದ್ಕೆ ಹೇಳ್ಲಾ."

ಹೇಗೆ ಹೇಳಲಿ. ಅಲ್ಲಿರುವುದು ಎರಡೇ ಗುಂಡಿ:
ಹೆಚ್ಚು ತಿಳಿಯಿರಿ. ಆಮೇಲೆ.
ಪಾಕಕ್ಕೆ ಸವೆದ ಅವಳ ಹೆಬ್ಬೆರಳು
ಮೂರು ಸಲ ಒತ್ತಿದರೂ ಫೋನಿಗೆ ತಿಳಿಯಲಿಲ್ಲ.
ನಾಲ್ಕನೆಯದಕ್ಕೆ, ಆಮೇಲೆ.

ಸಾವಿರದಿನ್ನೂರು ಎಣಿಸಿ ಕೊಟ್ಟಳು,
ಮೇಲೊಂದು ಅಚ್ಚು ಬೆಲ್ಲ, ಕರಿಯದೇ.
ಶಟರ್ ಪೂರ್ತಿ ಎಳೆಯುವ ಮುನ್ನ ನೋಡಿದರೆ
ಮ್ಯಾಟಿನ ಮೇಲೆ ಐದು ಮೂಲೆಯ ಒಂದು ಸ್ಕ್ರೂ,
ಎಳ್ಳಿಗಿಂತ ಚಿಕ್ಕದು,
ಅವಳ ಫೋನಿನದೇ, ಉಳಿದುಬಿಟ್ಟಿತ್ತು.